ಜನಮೇಜಯನ ತಾಮ್ರ

ಬಿದನೂರು ಸೀಮೆಯ ಗೌಜ ಅಗ್ರಹಾರದ ತಾಮ್ರಶಾಸನದಲ್ಲಿ ದಾನ ಕೊಟ್ಟವನ ಹೆಸರು ಓದಿದರೆ ಕಣ್ಣುಜ್ಜಿಕೊಳ್ಳಬೇಕು: ಜನಮೇಜಯ! ಪರೀಕ್ಷಿತನ ಮಗ, ಅರ್ಜುನನ ಮರಿಮಗ, ಸರ್ಪಯಾಗ ಮಾಡಿದ ಅದೇ ಚಕ್ರವರ್ತಿ. ಸೂರ್ಯಗ್ರಹಣದ ದಿನ ಬ್ರಾಹ್ಮಣರಿಗೆ ಭೂಮಿ ಧಾರೆಯೆರೆದನಂತೆ. ಕಲಿಯುಗ ಕ್ರಿ.ಪೂ. 3102ರಲ್ಲಿ ಶುರುವಾಯಿತೆಂಬ ಪಂಚಾಂಗದ ಲೆಕ್ಕ ಹಿಡಿದರೆ ಈ ತಾಮ್ರಕ್ಕೆ ಹತ್ತಿರ ಹತ್ತಿರ 5,000 ವರ್ಷ!

5,000 ವರ್ಷವೆಂದರೆ ಎಷ್ಟು? ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ್ದು 1923ರಲ್ಲಿ. ನಮ್ಮ ಅಜ್ಜಂದಿರ ಕಾಲದ ಮಾತು. ಅದರ ಇಡೀ ಆಯುಷ್ಯವನ್ನು ಸುಮಾರು 50 ಸಲ ಒಂದರ ಹಿಂದೊಂದು ಜೋಡಿಸಬೇಕು.

19ನೇ ಶತಮಾನದಲ್ಲಿ ಇಂಗ್ಲೆಂಡಿನ ಆಸ್ಥಾನ ಖಗೋಳಜ್ಞ ಜಾರ್ಜ್ ಏರಿ ಆ ಗ್ರಹಣವನ್ನು ಲೆಕ್ಕ ಹಾಕಿದರು. ಬಂದ ಉತ್ತರ: 1521ರ ಏಪ್ರಿಲ್ 7, ಭಾನುವಾರ. ಒಂದೇ ಏಟಿಗೆ 4,500 ವರ್ಷ ಮಾಯ!

ಶಿವಮೊಗ್ಗ ಬಸ್ ನಿಲ್ದಾಣದಿಂದ ಭದ್ರಾವತಿಗೆ ಹೆಚ್ಚುಕಡಿಮೆ 20 ಕಿಲೋಮೀಟರ್. ಆ ದಾರಿಯನ್ನೇ ಇಂದಿನಿಂದ ಹಿಂದಕ್ಕೆ 5,000 ವರ್ಷವೆಂದುಕೊಳ್ಳಿ. ಕಿಲೋಮೀಟರಿಗೆ 250 ವರ್ಷ. ಶಾಸನ ಭದ್ರಾವತಿ ಮುಟ್ಟಿದ್ದೇನೆ ಅನ್ನುತ್ತದೆ. ಏರಿಯವರ ಲೆಕ್ಕದಲ್ಲಿ ಅದು ಬಂದಿರುವುದು 2 ಕಿಲೋಮೀಟರ್. ತುಂಗೆಯ ಸೇತುವೆ ದಾಟಿ ಇನ್ನೂ ವಿದ್ಯಾನಗರದ ಆಸುಪಾಸಿನಲ್ಲಿದೆ! ಕದಂಬರ ಕಥೆ ಹೇಳುವ ತಾಳಗುಂದದ ಕಂಬ ಆರು ಕಿಲೋಮೀಟರ್ ದಾಟಿದೆ. ಶಾಸನತಜ್ಞ ಲೂಯಿಸ್ ರೈಸ್ ಮೈಸೂರು ಸೀಮೆಯಿಂದ ಹೊರತಂದ ಶಾಸನಗಳು 9,000ದ ಹತ್ತಿರ, ದಿನಕ್ಕೊಂದರಂತೆ ಓದಿದರೂ 24 ವರ್ಷದ ಕೆಲಸ. ಅವುಗಳಲ್ಲೆಲ್ಲ ಹಿರಿಯವು ಬ್ರಹ್ಮಗಿರಿಯಂಥ ಕಡೆ ಸಿಕ್ಕ ಅಶೋಕನ ಶಾಸನಗಳು. ಆ ಅಶೋಕನೇ ಒಂಬತ್ತನೇ ಕಿಲೋಮೀಟರಿನಲ್ಲಿದ್ದಾನೆ, ಅರ್ಧ ದಾರಿಯೂ ಸಾಗಿಲ್ಲ!

ಹಾಗೆಂದು ಈ ತಾಮ್ರ ಸಣ್ಣದಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಪುರಾತನವೆನಿಸಲು 100 ವರ್ಷವಾಗಿದ್ದರೆ ಸಾಕು. 1521 ಎಂದುಕೊಂಡರೂ ಇದಕ್ಕೆ ಅದರ ಐದು ಪಟ್ಟು ವಯಸ್ಸು. ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್ 1807ರಲ್ಲಿ ಇದರ ಬಗ್ಗೆ ಬರೆದದ್ದೇ ಎರಡು ಶತಮಾನದ ಹಿಂದೆ.

ಇನ್ನು ಗ್ರಹಣಗಳನ್ನೇ ಎಣಿಸಿ. ಜನಮೇಜಯನಿಂದ 1521ರವರೆಗಿನ ಆ 4,500 ವರ್ಷಗಳಲ್ಲಿ ಭೂಮಿಯ ಮೇಲೆ ಆದ ಸೂರ್ಯಗ್ರಹಣಗಳು 10,000ಕ್ಕೂ ಹೆಚ್ಚು! ಅಷ್ಟೆಲ್ಲ ಕಳೆದ ಮೇಲೆ ಬಂದದ್ದು ಏರಿ ಹೆಕ್ಕಿದ ಭಾನುವಾರ. ಅದೇ ಭಾನುವಾರ ನಾವಿಕ ಮೆಗಲನ್‌ನ ಹಡಗುಗಳು ಫಿಲಿಪೀನ್ಸಿನ ಸೆಬು ಬಂದರಿಗೆ ಬಂದವು. ಸರ್ಪಯಾಗದ ಹೊಗೆಯಲ್ಲಿ ಹುಟ್ಟಿದೆನೆನ್ನುವ ಈ ತಾಮ್ರದ ಗ್ರಹಣ, ಮನುಷ್ಯ ಮೊದಲ ಬಾರಿಗೆ ಭೂಮಿಗೆ ಪೂರ್ತಿ ಸುತ್ತು ಹಾಕುತ್ತಿದ್ದ ಹೊತ್ತಿನದು!