ಬಟ್ಟೆ ಹೊದಿಸುವ ಮುನ್ನ

ಮೈಸೂರಿನಲ್ಲಿ ಮಂಗಳವಾರ ಕಟಿಂಗ್ ಶಾಪ್‌ಗಳಿಗೆ ರಜೆ. ಆದರೂ ಅಗ್ರಹಾರ ವೃತ್ತದ ಬಳಿಯ ಒಂದು ಗಲ್ಲಿಯಲ್ಲಿ ಅರ್ಧ ಎತ್ತಿದ ಶಟರ್, ಅದರ ಮುಂದೆ ಸಾಲು ಚಪ್ಪಲಿ. ಬಗ್ಗಿ ಒಳಗೆ ಹೋದರೆ ಮೂರು ಕುರ್ಚಿಯ ಪುಟ್ಟ ಅಂಗಡಿ. ಗೋಡೆಯ ಮೇಲೆ ಸವಿತಾ ಮಹರ್ಷಿಗಳ ಪಟ, ಪಕ್ಕದಲ್ಲಿ ಬಣ್ಣ ಮಾಸಿದ ಹೇರ್‌ಸ್ಟೈಲ್ ಪೋಸ್ಟರು. ಬೆಂಚಿನ ಮೇಲೆ ಕೂತವರೆಲ್ಲ ಸುತ್ತಮುತ್ತಲ ಅಂಗಡಿಗಳ ಕ್ಷೌರಿಕರು. ಅಂಗಡಿಯ ಹಿರಿಯರನ್ನು ಎಲ್ಲರೂ ‘ಯಜಮಾನ್ರು’ ಎನ್ನುತ್ತಾರೆ. ಅವರ ತಂದೆ ಕತ್ತರಿಯನ್ನೂ ಹಿಡಿದವರು, ನಾದಸ್ವರವನ್ನೂ ನುಡಿಸಿದವರು. ಹಳೇ ಮೈಸೂರಿನ ಕ್ಷೌರಿಕ ಸಮುದಾಯದಲ್ಲಿ ಎರಡೂ ಒಂದೇ ಮನೆಯಲ್ಲಿ ಇರುವುದುಂಟು. ಇವತ್ತು ಇಲ್ಲಿ ಯಾರೂ ಕತ್ತರಿ ಮುಟ್ಟುವಂತಿಲ್ಲ. ಗಿರಾಕಿಯನ್ನು ಕೇಳಿ ತಿಳಿಯುವುದಷ್ಟೇ ಪಾಠ.

ಒಬ್ಬ ಹುಡುಗ ಹೊರಗೆ ಹೋಗಿ ಗಿರಾಕಿಯಾಗಿ ಒಳಬಂದ. ಕುರ್ಚಿಯಲ್ಲಿ ಕೂತನೋ ಇಲ್ಲವೋ, ಇನ್ನೊಬ್ಬ ರೂಢಿಯಂತೆ ಬಟ್ಟೆ ಹೊದಿಸಿ ನೀರಿನ ಬಾಟಲಿ ಎತ್ತಿಕೊಂಡ. ಯಜಮಾನರು ಕೈ ಹಿಡಿದು ನಿಲ್ಲಿಸಿದರು. “ಬಟ್ಟೆ ಹೊದಿಸಿಬಿಟ್ರೆ ನಿನ್ ಮುಂದೆ ತಲೆ ಒಂದೇ ಉಳ್ಕೊಳ್ಳೋದು ಕಣಪ್ಪ. ಅವ್ರ ಕತ್ತು ಎಷ್ಟುದ್ದ, ಭುಜ ಎಷ್ಟಗಲ, ಯೂನಿಫಾರಂ ಕೆಲಸದವ್ರಾ, ಇವೆಲ್ಲ ಮರೆಯಾಗೋಯ್ತಲ್ಲ?”

ನೀರಿನ ವಿಚಾರವೂ ಅಷ್ಟೇ ಮುಖ್ಯ. ಒದ್ದೆ ಕೂದಲು ಹಿಗ್ಗುತ್ತದೆ. ಗುಂಗುರು ಕೂದಲಾದರೆ ಒದ್ದೆಯಿದ್ದಾಗ ಸರಿಯಾಗಿ ಕಂಡದ್ದು ಒಣಗಿದ ಮೇಲೆ ಬೆರಳಗಲ ಮೇಲೆ ಹೋಗಿರುತ್ತದೆ. ನೆತ್ತಿಯ ಸುಳಿ ಯಾವ ಕಡೆಗೆ ತಿರುಗಿದೆ, ಒಂದೇ ಇದೆಯೋ ಎರಡೋ, ಅದನ್ನೂ ಒಣ ಕೂದಲಲ್ಲೇ ನೋಡಬೇಕು. ಸುಳಿಯ ಹತ್ತಿರ ತೀರಾ ಗಿಡ್ಡ ಮಾಡಿದರೆ ಕೂದಲು ನೆಟ್ಟಗೆ ಎದ್ದು ನಿಲ್ಲುತ್ತದೆ, ಗಿರಾಕಿ ತಿಂಗಳಿಡೀ ಎಣ್ಣೆ ಹಚ್ಚಿ ಅಮುಕುತ್ತಿರುತ್ತಾನೆ.

“ಹೆಂಗ್ ಮಾಡ್ಲಿ ಸಾರ್?” ಎಂದರೆ “ಮೀಡಿಯಂ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಲ್ಲದಿದ್ದರೆ “ಮಾಮೂಲಿ”. ಎರಡರಿಂದಲೂ ಏನೂ ಗೊತ್ತಾಗುವುದಿಲ್ಲ. ಉತ್ತರ ಪ್ರದೇಶದಿಂದ ಬಂದು ಇಲ್ಲಿ ಕೆಲಸಕ್ಕಿರುವ ಯುವಕನೊಬ್ಬ ತನಗೆ ಬರುವ ಸ್ವಲ್ಪ ಕನ್ನಡದಲ್ಲೇ, ಬೆರಳಲ್ಲಿ ಅಳತೆ ಕೇಳುತ್ತೇನೆ ಎಂದ. ಯಜಮಾನರು ಮೆಚ್ಚಿದರು, ಆದರೆ ತಿದ್ದಿದರು. ಗಿರಾಕಿ ಎರಡು ಬೆರಳು ತೋರಿಸಿದರೆ ಅದು ಉಳಿಯಬೇಕಾದ ಕೂದಲೋ, ಹೋಗಬೇಕಾದದ್ದೋ? ಅದಕ್ಕೆ ಬಾಚಣಿಗೆಯಿಂದ ಕೂದಲೆತ್ತಿ ಬೆರಳ ಸಂದಿಯಲ್ಲಿ ಹಿಡಿದು, “ಇಷ್ಟು ಹೋಗ್ಲಾ?” ಎಂದು ತೋರಿಸಿಯೇ ಕೇಳಬೇಕು. ಹಿಂದಿನ ಸಲ ಯಾವಾಗ ಮಾಡಿಸಿದ್ದು ಎಂದೂ ವಿಚಾರಿಸಬೇಕು. ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಾಯಿತು ಎಂದರೆ ಆಗ ಎಷ್ಟಿತ್ತೆಂಬ ಅಂದಾಜು ಕೈಗೆ ಸಿಗುತ್ತದೆ.

ಮಿಷನ್ನಿನ ನಂಬರು ಹೇಳುವವರನ್ನೂ ಹಾಗೇ ನಂಬುವಂತಿಲ್ಲ. ಸಾಮಾನ್ಯವಾಗಿ ಒಂದನೇ ನಂಬರಿನ ಗಾರ್ಡ್ 3 ಮಿ.ಮೀ. ಉಳಿಸುತ್ತದೆ, ಎರಡನೆಯದು 6, ನಾಲ್ಕನೆಯದು ಸುಮಾರು 13. ಯಾರೋ ಹೇಳಿದರೆಂದು “ಒಂದು ಹೊಡೀರಿ” ಎನ್ನುವ ಗಿರಾಕಿಗೆ ಮೊದಲು ನಾಲ್ಕರಲ್ಲಿ ಒಂದು ಗೆರೆ ಎಳೆದು ತೋರಿಸಿ, ಒಪ್ಪಿದರೆ ಇಳಿಯುತ್ತ ಹೋಗಬಹುದು.

ಫೋನಿನಲ್ಲಿ ಹೀರೋ ಫೋಟೋ ತರುವವರಿಗೆ ಯಜಮಾನರು ಕೇಳಿಸಿದ್ದು ಒಂದೇ ಪ್ರಶ್ನೆ: “ಇದ್ರಲ್ಲಿ ನಿಮಗೆ ಹಿಡಿಸಿದ್ದು ಮುಂದಿನ ಕೂದಲಾ, ಸೈಡಾ?” ಎಷ್ಟೋ ಸಲ ಹಿಡಿಸಿರುವುದು ಗಡ್ಡ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಕೈಗನ್ನಡಿ. ಎಲ್ಲ ಅಂಗಡಿಗಳಲ್ಲೂ ಅದು ಹೊರಬರುವುದು ಕೆಲಸ ಮುಗಿದ ಮೇಲೆ. ಹಿಂದುಗಡೆ ತೋರಿಸುತ್ತಾರೆ, ನಾವು ತಲೆಯಾಡಿಸುತ್ತೇವೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು ಎಂದು ಗೊತ್ತಿರುವುದರಿಂದ ಚೆನ್ನಾಗಿದೆ ಎನ್ನುವುದು ಬಿಟ್ಟು ನಮಗೆ ಬೇರೆ ದಾರಿಯಿಲ್ಲ. ಯಜಮಾನರು ಆ ಕನ್ನಡಿಯನ್ನು ಮೊದಲೇ ಕೊಡುತ್ತಾರೆ. ತನ್ನ ಹಿಂದಲೆ ಹೇಗಿದೆ ಎಂಬುದನ್ನೇ ನೋಡದ ಮನುಷ್ಯ ಅಲ್ಲಿ ಏನು ಬೇಕೆಂದು ಹೇಗೆ ಹೇಳಿಯಾನು? ಅರ್ಧ ಕೆಲಸವಾದಾಗ ಮತ್ತೊಮ್ಮೆ ಕೊಡುತ್ತಾರೆ; ಆಗ ಬೇಡ ಎನ್ನಲು ಇನ್ನೂ ಅವಕಾಶವಿರುತ್ತದೆ. ನನಗಂತೂ ಇದು ಬರೀ ಜಾಣತನವಲ್ಲ, ಗಿರಾಕಿಗೆ ಕೊಡುವ ಮರ್ಯಾದೆ. ಮಕ್ಕಳ ವಿಷಯದಲ್ಲೂ ಅವರು ಹೀಗೇ: ಅಪ್ಪನ ಮಾತು ಕೇಳಿದ ಮೇಲೆ ಕುರ್ಚಿಯ ಎತ್ತರಕ್ಕೆ ಬಗ್ಗಿ ಮಗುವನ್ನೂ ಕೇಳುತ್ತಾರೆ.

ಕೇಳಬಾರದ ಹೊತ್ತೂ ಇದೆ. ತಲೆ ಬೋಳಿಸಿ ಎಂದು ತಗ್ಗಿದ ದನಿಯಲ್ಲಿ ಹೇಳಿದರೆ ಮನೆಯಲ್ಲಿ ಸಾವಾಗಿರಬಹುದು, ಯಾಕೆಂದು ಕೇಳುವುದಿಲ್ಲ. ತಲೆಯಲ್ಲಿ ದುಂಡಗೆ ಕೂದಲು ಉದುರಿದ ಜಾಗ ಕಂಡರೆ ಬೆಂಚಿನವರಿಗೆ ಕೇಳದಂತೆ, ಚರ್ಮದ ಡಾಕ್ಟರಿಗೆ ತೋರಿಸಿ ಎನ್ನಬೇಕು. ಡೈ ಹಚ್ಚುವ ಮುನ್ನ ಮಾತ್ರ ಸಂಕೋಚಪಡುವಂತಿಲ್ಲ. ಹಿಂದೆ ತುರಿಕೆ, ಊತ ಬಂದಿತ್ತೇ ಎಂದು ಕೇಳಲೇಬೇಕು. ಕಪ್ಪು ಬಣ್ಣದ ಹಲವು ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗದು. ಹೊಸಬರಿಗೆ ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ನೋಡಬೇಕು.

“ಭಾನುವಾರ ಬೆಂಚ್ ತುಂಬಿರುತ್ತಣ್ಣ, ಇಷ್ಟೆಲ್ಲ ಕೇಳ್ತಾ ಕೂರೋಕಾಗುತ್ತಾ?” ಎಂದು ಮೂಲೆಯಿಂದ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಯಜಮಾನರು ಡ್ರಾಯರಿನಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದರು. ಕಾಯಂ ಗಿರಾಕಿಗಳ ಹೆಸರು, ಎದುರಿಗೆ ಒಂದೊಂದೇ ಸಾಲು: ‘ಸೈಡ್ 3, ಎರಡು ಸುಳಿ’, ‘ಡೈ ಆಗಲ್ಲ’, ‘ಕಿವಿ ಮೇಲೆ ಬಿಡ್ಬೇಕು’. ಒಮ್ಮೆ ಸಾವಧಾನವಾಗಿ ಕೇಳಿ ಬರೆದಿಟ್ಟರೆ ಮುಂದಿನ ಸಲ “ಹೋದ್ಸಲದ್ದು ಸರಿಹೋಯ್ತಾ?” ಎಂದಷ್ಟೇ ಕೇಳಿದರೆ ಸಾಕು. ಮುಂದಿನ ಮಂಗಳವಾರ ಬರುವಾಗ ಪ್ರತಿಯೊಬ್ಬರೂ ತಮ್ಮ ಐದು ಜನ ಗಿರಾಕಿಗಳದ್ದು ಬರೆದು ತರಬೇಕೆಂದು ಹೇಳಿ ಅವರು ಶಟರ್ ಎಳೆಯಲು ಎದ್ದರು.