ನೂರೆಂಟರ ಲೆಕ್ಕ

ಕನ್ನಡದ ಆಡುಮಾತಿನಲ್ಲಿ 'ನೂರೆಂಟು' ಎಂಬುದು ಎಣಿಕೆಯ ಪದವಾಗಿ ಬಳಕೆಯಾಗುವುದಕ್ಕಿಂತ, ಎಣಿಸುವ ಗೋಜಿಗೆ ಹೋಗಲಾರದಷ್ಟು ಇದೆ ಎಂಬ ಅರ್ಥದಲ್ಲಿ ಬಳಕೆಯಾಗುವುದೇ ಹೆಚ್ಚು. ನೂರೆಂಟು ನೆಪ, ನೂರೆಂಟು ವಿಘ್ನ, ನೂರೆಂಟು ತಾಪತ್ರಯ ಎಂದಾಗ ಕೇಳುಗರು ಅವನ್ನು ಪಟ್ಟಿ ಮಾಡಿ ತೋರಿಸುವಂತೆ ಕೇಳುವುದಿಲ್ಲ. ಅದೇ ಸಂಖ್ಯೆ ಜಪಮಾಲೆಗೆ ಬಂದಾಗ ಮಾತ್ರ ಒಂದು ಮಣಿ ಹೆಚ್ಚಾದರೂ ಕಡಿಮೆಯಾದರೂ ಮಾಲೆ ಕೆಟ್ಟಂತೆ. ಅಂದಾಜಿಗೂ ನಿಖರತೆಗೂ ಹೀಗೆ ಸಮನಾಗಿ ಒದಗುವ ಸಂಖ್ಯೆ ಭಾರತೀಯ ಸಂಸ್ಕೃತಿಯಲ್ಲಿ ಇನ್ನೊಂದು ಸಿಗುವುದು ಕಷ್ಟ. ಈ ಪ್ರತಿಷ್ಠೆಗೆ ನಿಗೂಢ ಕಾರಣಗಳನ್ನು ಹೇಳುವವರು ಬಹಳ ಮಂದಿ ಇದ್ದಾರಾದರೂ, ಅದರ ಬಹುಪಾಲು ಗುಟ್ಟು ಸರಳವಾದ ಗುಣಾಕಾರದಲ್ಲಿದೆ.

ಒಂದು ಪೂರ್ಣ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನು ಅದರ ಭಾಜಕಗಳೆಂದೂ, 1 ಮತ್ತು ತನ್ನನ್ನು ಬಿಟ್ಟು ಬೇರೆ ಭಾಜಕವೇ ಇಲ್ಲದ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಯೆಂದೂ ಕರೆಯುತ್ತಾರೆ. 108ಕ್ಕೆ 1, 2, 3, 4, 6, 9, 12, 18, 27, 36, 54, 108 ಎಂಬ ಹನ್ನೆರಡು ಭಾಜಕಗಳಿದ್ದರೆ, ದಶಮಾನ ಪದ್ಧತಿಯ ರಾಜನಂತಿರುವ 100ಕ್ಕೆ ಇರುವುದು ಒಂಬತ್ತೇ. ಇನ್ನೂ ಸೋಜಿಗವೆಂದರೆ 108ರ ಎಡಕ್ಕಿರುವ 107 ಮತ್ತು ಬಲಕ್ಕಿರುವ 109 ಎರಡೂ ಅವಿಭಾಜ್ಯಗಳು, ಅಂದರೆ ಯಾರೊಂದಿಗೂ ಪಾಲಿಗೆ ಬಾರದ ಇಬ್ಬರು ನೆರೆಯವರ ನಡುವೆ ಎಲ್ಲರಿಗೂ ಪಾಲು ಕೊಡುವ ಮನೆಯೊಂದು ನಿಂತಂತೆ ಇದು ನಿಂತಿದೆ. ಅವಿಭಾಜ್ಯಗಳಾಗಿ ಬಿಡಿಸಿದರೆ 108 ಎಂದರೆ 2×2×3×3×3. ಇದನ್ನೇ ಒಂದರ ಒಂದನೆಯ ಘಾತ, ಎರಡರ ಎರಡನೆಯ ಘಾತ, ಮೂರರ ಮೂರನೆಯ ಘಾತ ಇವುಗಳ ಗುಣಲಬ್ಧವೆಂದೂ ಓದಬಹುದು. ಘಾತವೆಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಎಷ್ಟು ಬಾರಿ ಗುಣಿಸಬೇಕೆಂಬ ಸೂಚನೆ. ಎರಡು ಮತ್ತು ಮೂರನ್ನು ಬಿಟ್ಟು ಬೇರಾವ ಅವಿಭಾಜ್ಯವೂ ಇದರೊಳಗೆ ಇಲ್ಲವೆಂಬುದನ್ನು ಮುಂದಿನ ಲೆಕ್ಕಗಳಿಗಾಗಿ ನೆನಪಿಡಬೇಕು.

ಖಗೋಳದಲ್ಲಿ ಈ ಸಂಖ್ಯೆ ಹುಟ್ಟುವ ಬಗೆಯನ್ನು ಯಾವುದೇ ಪಂಚಾಂಗದಲ್ಲಿ ಕಾಣಬಹುದು. ಆಕಾಶದಲ್ಲಿ ಸೂರ್ಯ ಚಂದ್ರರು ಸಾಗುವ 360 ಡಿಗ್ರಿಯ ಹಾದಿಯನ್ನು ಭಾರತೀಯರು ಎರಡು ಬೇರೆ ಬೇರೆ ಅಳತೆಗೋಲುಗಳಿಂದ ಅಳೆದರು: ಚಂದ್ರನ ಓಟಕ್ಕೆ 27 ನಕ್ಷತ್ರಗಳು, ಸೂರ್ಯನ ಓಟಕ್ಕೆ 12 ರಾಶಿಗಳು. ಒಂದು ನಕ್ಷತ್ರಕ್ಕೆ 13 ಡಿಗ್ರಿ 20 ಕಲೆ, ಒಂದು ರಾಶಿಗೆ 30 ಡಿಗ್ರಿ. (ಡಿಗ್ರಿಯ ಅರುವತ್ತನೆಯ ಒಂದು ಭಾಗವೇ ಕಲೆ.) ಒಂದು ರಾಶಿಯಲ್ಲಿ ಎರಡೂಕಾಲು ನಕ್ಷತ್ರ ಹಿಡಿಯುವುದರಿಂದ ಈ ಎರಡು ಅಳತೆಗಳ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ. ಎರಡಕ್ಕೂ ಸರಿಹೊಂದುವ ಸಣ್ಣ ತುಂಡು ಬೇಕೆಂದರೆ 12ರಿಂದಲೂ 27ರಿಂದಲೂ ನಿಶ್ಶೇಷವಾಗಿ ಭಾಗವಾಗುವ ಅತ್ಯಂತ ಚಿಕ್ಕ ಸಂಖ್ಯೆಯನ್ನು, ಶಾಲೆಯ ಗಣಿತ ಲಘುತಮ ಸಾಮಾನ್ಯ ಅಪವರ್ತ್ಯ ಎಂದು ಕರೆಯುವುದನ್ನು, ಹುಡುಕಬೇಕು, ಅದು 108. ಹೀಗೆ ಪ್ರತಿ ನಕ್ಷತ್ರಕ್ಕೆ ನಾಲ್ಕು ಪಾದಗಳಾದರೆ ಪ್ರತಿ ರಾಶಿಗೆ ಒಂಬತ್ತು ಪಾದಗಳಾಗುತ್ತವೆ, ಒಂದೊಂದು ಪಾದವೂ ಕರಾರುವಾಕ್ಕಾಗಿ 200 ಕಲೆಗಳಷ್ಟು ಅಗಲವಾಗುತ್ತದೆ. ಮಗು ಹುಟ್ಟಿದಾಗ ಪುರೋಹಿತರು ಅಶ್ವಿನಿ ನಕ್ಷತ್ರದ ನಾಲ್ಕು ಪಾದಗಳಿಗೆ ಚು, ಚೆ, ಚೊ, ಲ ಎಂದು ನಾಮಾಕ್ಷರ ಹೇಳುವುದು ಈ 108 ತುಂಡುಗಳ ಪಟ್ಟಿಯಿಂದಲೇ. ಜಾತಕಫಲವನ್ನು ನಂಬುವುದು ಬಿಡುವುದು ಬೇರೆ ಮಾತು. ಹೊಂದದ ಎರಡು ಅಳತೆಗೋಲುಗಳನ್ನು ಹೊಂದಿಸಿದ ಈ ಲೆಕ್ಕದಲ್ಲಿ ಯಾವ ಮೂಢನಂಬಿಕೆಯೂ ಇಲ್ಲ.

ಧರ್ಮಶಾಸ್ತ್ರಗಳು 108ನ್ನು ತಲುಪಿದ್ದು ಬೇರೆ ದಾರಿಯಿಂದ, ಆದರೆ ಅದೂ ಗುಣಾಕಾರದ ದಾರಿಯೇ. ಜೈನರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜೀವಕ್ಕೆ ಕರ್ಮ ಅಂಟಿಕೊಳ್ಳುವ ಬಗೆಗಳನ್ನು ವಿಂಗಡಿಸುತ್ತದೆ. ಕೃತ್ಯವೊಂದಕ್ಕೆ ಸಂಕಲ್ಪ ಮಾಡುವ ಸಂರಂಭ, ಸಲಕರಣೆ ಕೂಡಿಸುವ ಸಮಾರಂಭ, ಕೈಹಾಕುವ ಆರಂಭ ಎಂದು ಮೂರು ಹಂತ. ಅದು ನಡೆಯುವುದು ಮನಸ್ಸು, ಮಾತು, ದೇಹ ಎಂಬ ಮೂರರಿಂದ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಎಂದು ಮತ್ತೆ ಮೂರು. ಹಿಂದಿನ ಪ್ರೇರಣೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಮೂರನ್ನು ಮೂರರಿಂದ, ಮತ್ತೆ ಮೂರರಿಂದ, ಕೊನೆಗೆ ನಾಲ್ಕರಿಂದ ಗುಣಿಸಿದರೆ 108. ಸಿಟ್ಟಿನಿಂದ ಆಳಿಗೆ ಹೇಳಿ ಇನ್ನೊಬ್ಬನ ಬೇಲಿ ಕೀಳಿಸಲು ಸಲಕರಣೆ ಒದಗಿಸಿದ ಯಜಮಾನನ ಕೃತ್ಯಕ್ಕೂ ಈ ಕೋಷ್ಟಕದಲ್ಲಿ ತನ್ನದೇ ಆದ ಒಂದು ಮನೆ ಇದೆ. ಬೌದ್ಧರ ಪಾಲಿ ಸುತ್ತವೊಂದು ಆರು ಇಂದ್ರಿಯ, ಸುಖ ದುಃಖ ಉಪೇಕ್ಷೆ ಎಂಬ ಮೂರು ಅನುಭವ, ಗೃಹಸ್ಥ ಮತ್ತು ವಿರಕ್ತ ಎಂಬ ಎರಡು ನೆಲೆ, ಮೂರು ಕಾಲ ಇವನ್ನು ಗುಣಿಸಿ 108 ವೇದನೆಗಳನ್ನು ಎಣಿಸುತ್ತದೆ. ಜಪಾನಿನ ಬೌದ್ಧ ದೇಗುಲಗಳಲ್ಲಿ ವರ್ಷದ ಕೊನೆಯ ರಾತ್ರಿ 108 ಬಾರಿ ಗಂಟೆ ಬಾರಿಸುವುದು ಮನುಷ್ಯನ ಅಷ್ಟೇ ಸಂಖ್ಯೆಯ ಕ್ಲೇಶಗಳನ್ನು ಕಳೆಯಲೆಂದು. ಮನುಷ್ಯ ಸ್ವಭಾವವನ್ನು ಎರಡು, ಮೂರು, ನಾಲ್ಕು, ಆರಾಗಿ ಸೀಳುವ ವರ್ಗೀಕರಣಕಾರ ಎಲ್ಲಿಂದ ಹೊರಟರೂ ಎರಡು ಮತ್ತು ಮೂರರಿಂದಲೇ ಕಟ್ಟಿದ ಸಂಖ್ಯೆಯೊಂದಕ್ಕೆ ಬಂದು ಮುಟ್ಟುತ್ತಾನೆ. ಅಂಥ ಸಂಖ್ಯೆಗಳಲ್ಲಿ ಎಣಿಸಲು ಬೇಸರ ತರದಷ್ಟು ಚಿಕ್ಕದೂ ಗೌರವ ಹುಟ್ಟಿಸುವಷ್ಟು ದೊಡ್ಡದೂ ಆದದ್ದು 108.

ಒಮ್ಮೆ ಪ್ರತಿಷ್ಠೆ ಬಂದ ಮೇಲೆ ಲೆಕ್ಕದ ದಿಕ್ಕು ತಿರುಗಿತು: ಸಂಖ್ಯೆ ಮೊದಲು, ಎಣಿಕೆ ಆಮೇಲೆ. ಮುಕ್ತಿಕೋಪನಿಷತ್ತು ಉಪನಿಷತ್ತುಗಳನ್ನು ಋಗ್ವೇದಕ್ಕೆ 10, ಶುಕ್ಲ ಯಜುರ್ವೇದಕ್ಕೆ 19, ಕೃಷ್ಣ ಯಜುರ್ವೇದಕ್ಕೆ 32, ಸಾಮವೇದಕ್ಕೆ 16, ಅಥರ್ವವೇದಕ್ಕೆ 31 ಎಂದು ಹಂಚುತ್ತದೆ. ಬಿಡಿ ಅಂಕಿಗಳಲ್ಲಿ ಯಾವ ಶಿಸ್ತೂ ಕಾಣದಿದ್ದರೂ ಮೊತ್ತ ಮಾತ್ರ 108ಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಕ್ಷೀರಸಾಗರ ಮತ್ತು ವೈಕುಂಠ ಎಂಬ ಎರಡು ಭೂಮಿಯ ಮೇಲೆಯೇ ಇಲ್ಲ, ಅವನ್ನು ಸೇರಿಸಿಕೊಂಡಾಗಲೇ ಎಣಿಕೆ ಭರ್ತಿಯಾಗುವುದು. ಆಳ್ವಾರರ ಪಾಶುರಗಳಲ್ಲಿ ಹಾಡಿಸಿಕೊಂಡ ಸ್ಥಳಗಳಿಗಷ್ಟೇ ಆ ಪಟ್ಟಿ ಮೀಸಲಾದ್ದರಿಂದ, ರಾಮಾನುಜಾಚಾರ್ಯರು ವರ್ಷಗಟ್ಟಲೆ ನೆಲೆಸಿದ್ದ ಮೇಲುಕೋಟೆಗೂ ಅದರಲ್ಲಿ ಜಾಗವಿಲ್ಲ. ಜಪಮಾಲೆಯ 108 ಮಣಿಗಳಿಗೆ ಶ್ವೇತಾಂಬರ ಜೈನರು ಪಂಚಪರಮೇಷ್ಠಿಗಳ ಗುಣಗಳನ್ನು 12, 8, 36, 25, 27 ಎಂದು ಕೂಡಿಸಿ ಕಾರಣ ಕೊಡುತ್ತಾರೆ. ಆದರೆ ದಿಗಂಬರರ ಎಣಿಕೆಯಲ್ಲಿ ಅದೇ ಗುಣಗಳು 143 ಆಗುತ್ತವೆ, ಮಾಲೆಯ ಮಣಿ ಮಾತ್ರ 108ರಿಂದ ಕದಲುವುದಿಲ್ಲ. ಕಾರಣಕ್ಕಿಂತ ಸಂಖ್ಯೆ ಗಟ್ಟಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಸಂಸ್ಕೃತಿಯ ಸೋಂಕಿಲ್ಲದೆಯೂ 108 ಅಲ್ಲಲ್ಲಿ ಎದುರಾಗುತ್ತದೆ. ಐದು ಬದಿಗಳೂ ಸಮನಾದ ನಿಯತ ಪಂಚಭುಜದ ಒಳಕೋನಗಳ ಮೊತ್ತ 540 ಡಿಗ್ರಿಯಾದ್ದರಿಂದ ಒಂದೊಂದು ಕೋನವೂ 108 ಡಿಗ್ರಿ. ಒಂದು ಬಿಂದುವಿನ ಸುತ್ತ ಇರುವ 360 ಡಿಗ್ರಿಯಲ್ಲಿ ಅಂಥ ಮೂರು ಕೋನ ಹಿಡಿದು 36 ಡಿಗ್ರಿಯ ಸಂದು ಉಳಿಯುತ್ತದೆ. ನಿಯತ ಪಂಚಭುಜದ ಹಂಚುಗಳನ್ನು ಮಾತ್ರ ಬಳಸಿ ಬಿರುಕಿಲ್ಲದ ನೆಲ ಹಾಸಲು ಯಾವ ಗಾರೆಯವನಿಗೂ ಸಾಧ್ಯವಾಗದಿರುವುದು ಇದರಿಂದಲೇ. ಏಳು ಸಮ ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸಿದರೆ, ತಿರುಗಿಸಿದ್ದನ್ನೂ ಮಗುಚಿದ್ದನ್ನೂ ಬೇರೆಯೆಂದು ಎಣಿಸದಿದ್ದಲ್ಲಿ, ದೊರೆಯುವ ಆಕೃತಿಗಳು 108. ಎರಡು ಕಟ್ಟು ಇಸ್ಪೀಟೆಲೆಗೆ ನಾಲ್ಕು ಜೋಕರ್ ಸೇರಿಸಿದರೂ 108ರ ಮೊತ್ತವೇ ಬರುತ್ತದೆಂಬುದನ್ನು ರಮ್ಮಿ ಆಡುವವರು ಪುಣ್ಯದ ಲೆಕ್ಕಕ್ಕೆ ಹಿಡಿಯದಿರುವುದು ಅವರ ವಿವೇಕ.

ಹೆಚ್ಚು ಚರ್ಚೆಗೆ ಒಳಗಾದದ್ದು ಸೂರ್ಯನ ಲೆಕ್ಕ. ಸೂರ್ಯನ ಸರಾಸರಿ ದೂರ 14.96 ಕೋಟಿ ಕಿಲೋಮೀಟರ್, ವ್ಯಾಸ ಸುಮಾರು 13.9 ಲಕ್ಷ ಕಿಲೋಮೀಟರ್. ಭಾಗಿಸಿದರೆ ಬರುವುದು ಸುಮಾರು 107.5. ಚಂದ್ರನ ದೂರವನ್ನು ಅದರ ವ್ಯಾಸದಿಂದ ಭಾಗಿಸಿದರೆ ಸುಮಾರು 110.6. ಪ್ರಾಚೀನರು ಇಷ್ಟು ನಿಖರವಾಗಿ ಸೂರ್ಯನ ದೂರವನ್ನು ಅರಿತಿದ್ದರೆಂದು ಇದರಿಂದ ಸಾಧಿಸಹೊರಡುವುದು ಆತುರದ ತೀರ್ಮಾನ. ದೂರಕ್ಕೂ ವ್ಯಾಸಕ್ಕೂ ಇರುವ ಅನುಪಾತ ತಿಳಿಯಲು ಎರಡರಲ್ಲಿ ಒಂದನ್ನೂ ಅಳೆಯಬೇಕಾಗಿಲ್ಲ. ಬಿಂಬವು ಆಕಾಶದಲ್ಲಿ ಎಷ್ಟು ಅಗಲ ಕಾಣುತ್ತದೆಂಬುದು, ಅಂದರೆ ಸುಮಾರು 32 ಕಲೆಯ ಕೋನ, ತಿಳಿದರೆ ಸಾಕು. ಸೂರ್ಯಸಿದ್ಧಾಂತದಲ್ಲಿ ಸೂರ್ಯನ ವ್ಯಾಸ 6,500 ಯೋಜನ, ಕಕ್ಷೆಯ ಸುತ್ತಳತೆ 43,31,500 ಯೋಜನ. ಇವೆರಡೂ ವಾಸ್ತವಕ್ಕಿಂತ ಎಷ್ಟೋ ಪಟ್ಟು ಚಿಕ್ಕವಾದರೂ ಅವುಗಳಿಂದ ಹೊರಡುವ ಅನುಪಾತ 106ರ ಹತ್ತಿರ ಬರಲು ಕಾರಣ, ಬಿಂಬದ ಅಳತೆ ಸರಿಯಾಗಿದ್ದುದು. ಮೇಲಾಗಿ ಈ ಅನುಪಾತ ಸ್ಥಿರವೂ ಅಲ್ಲ. ಭೂಮಿಯ ಕಕ್ಷೆ ತುಸು ಉದ್ದನೆಯ ವೃತ್ತವಾದ್ದರಿಂದ ಅದು ಜನವರಿಯಲ್ಲಿ 105.6ಕ್ಕೆ ಇಳಿದು ಜುಲೈಯಲ್ಲಿ 109.2ಕ್ಕೆ ಏರುತ್ತದೆ, ನಡುವೆ ವರ್ಷಕ್ಕೆ ಎರಡು ಬಾರಿ 108ನ್ನು ಹಾದುಹೋಗುತ್ತದೆ. ಚಂದ್ರನ ಏರಿಳಿತ ಇನ್ನೂ ಹೆಚ್ಚು. ಗ್ರಹಣದ ವೇಳೆ ಚಂದ್ರನ ಅನುಪಾತ ಸೂರ್ಯನದಕ್ಕಿಂತ ಹೆಚ್ಚಿದ್ದರೆ ಚಂದ್ರಬಿಂಬ ಚಿಕ್ಕದಾಗಿ, ಅಂಚಿನಲ್ಲಿ ಬೆಳಕಿನ ಬಳೆ ಉಳಿಯುತ್ತದೆ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಡ ಕಂಕಣ ಸೂರ್ಯಗ್ರಹಣ ಅಂಥದ್ದು.

ಈ ಅನುಪಾತವನ್ನು ಓದುಗರು ಮನೆಯ ಅಂಗಳದಲ್ಲಿಯೇ ಪರೀಕ್ಷಿಸಬಹುದು. ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿಲಿಮೀಟರ್. ಅದರ 108 ಪಟ್ಟು ಎಂದರೆ 2 ಮೀಟರ್ 92 ಸೆಂಟಿಮೀಟರ್. ಹುಣ್ಣಿಮೆಯ ರಾತ್ರಿ ನಾಣ್ಯವನ್ನು ಕೋಲಿನ ತುದಿಗೆ ಅಂಟಿಸಿ ನಿಲ್ಲಿಸಿ, ಸುಮಾರು ಅಷ್ಟು ದೂರದಿಂದ ಒಂದೇ ಕಣ್ಣಿನಲ್ಲಿ ನೋಡಿದರೆ ನಾಣ್ಯ ಚಂದ್ರಬಿಂಬವನ್ನು ಹೆಚ್ಚೂಕಡಿಮೆ ಅಳೆದು ಮುಚ್ಚಿದಂತೆ ಮುಚ್ಚುತ್ತದೆ. ಸೂರ್ಯನ ಮೇಲೆ ಮಾತ್ರ ಈ ಪ್ರಯೋಗವನ್ನು ಯಾರೂ ಮಾಡಬಾರದು.