ಎಲೆಕ್ಟ್ರಾನುಗಳನ್ನು ಸಾಲಿಗೆ ತರುವ ಬೆಳಕು

ಅರೆಕೆರೆಯವರು ಬನ್ನೇರುಘಟ್ಟ ರಸ್ತೆಯ ಮಾಲ್‌ಗೆ 3ಡಿ ಸಿನಿಮಾ ನೋಡಲು ಹೋದರೆ ಬಾಗಿಲಲ್ಲೇ ಕಪ್ಪು ಕನ್ನಡಕ ಸಿಗುತ್ತದೆ. ಇಂಥ ಕನ್ನಡಕಗಳ ಒಂದು ಜನಪ್ರಿಯ ಬಗೆಯಲ್ಲಿ ಒಂದು ಕಣ್ಣಿನ ಪಟಲ ಬಲಕ್ಕೆ ಸುತ್ತುವ ಬೆಳಕನ್ನಷ್ಟೇ ಒಳಗೆ ಬಿಟ್ಟರೆ, ಇನ್ನೊಂದು ಎಡಕ್ಕೆ ಸುತ್ತುವುದನ್ನಷ್ಟೇ ಬಿಡುತ್ತದೆ. ಇದು ವೃತ್ತೀಯ ಧ್ರುವೀಕರಣ. ಎಲೆಕ್ಟ್ರಾನುಗಳ ಸ್ಪಿನ್ ಅನ್ನು ಒಂದೇ ದಿಕ್ಕಿಗೆ ತಿರುಗಿಸಲು ಪ್ರಯೋಗಾಲಯಗಳು ನೆಚ್ಚಿಕೊಂಡಿರುವುದೂ ಇದೇ ಸುತ್ತುವ ಬೆಳಕನ್ನು.

ಎಲೆಕ್ಟ್ರಾನು ಬುಗುರಿಯಂತೆ ನಿಜವಾಗಿ ತಿರುಗುವುದಿಲ್ಲ. ಆದರೂ ಪುಟಾಣಿ ಅಯಸ್ಕಾಂತದಂತೆ ವರ್ತಿಸುತ್ತದೆ. ಅಳೆದು ನೋಡಿದರೆ ಅದರ ಸ್ಪಿನ್ 'ಮೇಲೆ' ಇಲ್ಲವೇ 'ಕೆಳಗೆ', ಎರಡೇ ಉತ್ತರ. ಕಾಯಿಸಿದ ತಂತಿಯಿಂದ ಹೊಮ್ಮುವ ಎಲೆಕ್ಟ್ರಾನುಗಳಲ್ಲಿ ಎರಡೂ ಸರಿಸಮವಾಗಿ ಬೆರೆತಿರುತ್ತವೆ. ಭಾರವಾದ ಪರಮಾಣುಗಳಿಂದ ಚದುರುವಾಗ ಸ್ಪಿನ್‌ಗೆ ತಕ್ಕಂತೆ ಎಡಕ್ಕೋ ಬಲಕ್ಕೋ ಹೋಗುವವುಗಳ ಸಂಖ್ಯೆ ಬದಲಾಗುತ್ತದೆ ಎಂದು ನೆವಿಲ್ ಮಾಟ್ 1929ರಲ್ಲೇ ಲೆಕ್ಕ ಹಾಕಿದ್ದರು. ಬೆರಕೆ ಪುಂಜದಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಬೆರಕೆಯಿಲ್ಲದ ಪುಂಜಕ್ಕೆ ದಾರಿ ತೆರೆದದ್ದು ಗ್ಯಾಲಿಯಂ ಆರ್ಸೆನೈಡ್ ಹರಳು. 1970ರ ದಶಕದ ನಡುವೆ ಜ್ಯೂರಿಕ್‌ನಲ್ಲಿ ಡೇನಿಯಲ್ ಪಿಯರ್ಸ್ ಮತ್ತು ಫೆಲಿಕ್ಸ್ ಮೈಯರ್ ಈ ಹರಳಿನ ಮೇಲೆ ಸುತ್ತುವ ಬೆಳಕು ಬೀರಿ ಸ್ಪಿನ್ ಜೋಡಿಸಿದ ಎಲೆಕ್ಟ್ರಾನುಗಳನ್ನು ಪಡೆದರು. ಬೆಳಕಿನ ಬಣ್ಣ ಸರಿಯಾಗಿದ್ದರೆ ಹರಳಿನೊಳಗೆ ಮೇಲೇಳುವ ಪ್ರತಿ ನಾಲ್ಕರಲ್ಲಿ ಮೂರು ಎಲೆಕ್ಟ್ರಾನುಗಳ ಸ್ಪಿನ್ ಒಂದೇ ದಿಕ್ಕಿಗಿರುತ್ತದೆ, ಒಂದರದು ವಿರುದ್ಧ. ಮೂರರಲ್ಲಿ ಒಂದನ್ನು ಕಳೆದು ನಾಲ್ಕರಿಂದ ಭಾಗಿಸಿದರೆ ಸ್ಪಿನ್ ಧ್ರುವೀಕರಣ ಶೇ. 50.

ಆದರೆ ಅವು ಹರಳಿನಿಂದ ಸುಲಭವಾಗಿ ಹೊರಬರುವುದಿಲ್ಲ. ಅದಕ್ಕಾಗಿ ಹರಳನ್ನು ಅತಿ ನಿರ್ವಾತದಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಶುಚಿ ಮಾಡುತ್ತಾರೆ. ಆರಿದ ಮೇಲೆ ಚೂರು ಸೀಸಿಯಂ, ಚೂರು ಆಮ್ಲಜನಕ, ಮತ್ತೆ ಸೀಸಿಯಂ. ಬೆಳಕು ಬಿದ್ದಾಗ ಹೊರಬರುವ ಎಲೆಕ್ಟ್ರಾನುಗಳ ವಿದ್ಯುತ್ ಮೀಟರಿನಲ್ಲಿ ಏರುತ್ತ ಹೋಗಿ ಇನ್ನು ಮೇಲೇರದೆಂಬ ಹಂತ ತಲುಪಿದಾಗ ಲೇಪ ಹದಕ್ಕೆ ಬಂತೆಂದು ಅರ್ಥ. ಒಂದಿಷ್ಟು ಗಾಳಿ ಸೋರಿದರೂ ಪಟ್ಟ ಶ್ರಮವೆಲ್ಲ ವ್ಯರ್ಥ.

ಹರಳಿನ ಮೇಲೆ ಬೀರುವ ಬೆಳಕನ್ನು ಸುತ್ತಿಸುವ ವಿದ್ಯೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಬೆಳಕಿಗೆ ಈ ಸುತ್ತು ಕೊಡುವ ಸಾಮಾನ್ಯ ತಗಡು ಒಂದು ಬಣ್ಣಕ್ಕೆ ಸರಿಹೊಂದಿದರೆ ಇನ್ನೊಂದಕ್ಕೆ ತಪ್ಪುತ್ತದೆ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಒಂದೇ ವಸ್ತುವಿನ ಮೂರು ತಗಡುಗಳನ್ನು ಬೇರೆ ಬೇರೆ ಕೋನದಲ್ಲಿ ಜೋಡಿಸಿ ಹಲವು ಬಣ್ಣಗಳಿಗೂ ಹೊಂದುವ ಸಾಧನ ರೂಪಿಸಿದರು. ಅದು ಪ್ರಕಟವಾದ 1955ರಲ್ಲಿ ಅವರ ವಯಸ್ಸು 21. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1964ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. ಬೆಳಕಿನಿಂದ ಪರಮಾಣುಗಳನ್ನೇ ಒಂದು ದಿಕ್ಕಿಗೆ ತರುವ ವಿದ್ಯಮಾನಗಳ ಅಧ್ಯಯನದಲ್ಲಿ ತೊಡಗಿದ್ದಾಗಲೇ 1969ರಲ್ಲಿ, 35ರ ಹರೆಯದಲ್ಲಿ, ತೀರಿಕೊಂಡರು.

1980ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಪ್ರಯೋಗಾಲಯದಲ್ಲಿ, ಬೆಳಕಿನಿಂದ ಎಲೆಕ್ಟ್ರಾನುಗಳನ್ನು ಸಾಲಿಗೆ ತರುವ ವಿದ್ಯೆ ಮತ್ತು ಪರಮಾಣುಗಳನ್ನು ಸಾಲಿಗೆ ತರುವ ವಿದ್ಯೆ ಎರಡೂ ಒಂದೆಡೆ ಸೇರಿದವು. ಒಂದು ಕಡೆಯಿಂದ ಸ್ಪಿನ್ ಜೋಡಿಸಿದ ಎಲೆಕ್ಟ್ರಾನು ಪುಂಜ, ಇನ್ನೊಂದು ಕಡೆಯಿಂದ ಲೇಸರ್ ಬೆಳಕು ಸಾಲಿಗೆ ತಂದ ಸೋಡಿಯಂ ಪರಮಾಣುಗಳು. ಇವೆರಡರ ಸ್ಪಿನ್ ಒಂದೇ ದಿಕ್ಕಿಗಿದ್ದಾಗ ಎಷ್ಟು ಎಲೆಕ್ಟ್ರಾನು ಚದುರಿದವು, ವಿರುದ್ಧವಾಗಿದ್ದಾಗ ಎಷ್ಟು ಎಂಬುದನ್ನು ಎಣಿಸಿದರು. ಎಲೆಕ್ಟ್ರಾನುಗಳ ಸ್ಪಿನ್ ದಿಕ್ಕು ಬದಲಿಸಲು ಯಂತ್ರದಲ್ಲಿ ಬೇರೇನನ್ನೂ ಮುಟ್ಟಬೇಕಿಲ್ಲ. ಬಲಕ್ಕೆ ಸುತ್ತುವ ಬೆಳಕನ್ನು ಎಡಕ್ಕೆ ಸುತ್ತಿಸಿದರೆ ಆಯಿತು.